ಹಂದಿಯ ಹೆಸರಿನ ಹಾಲುಕಸ

ಹಿಂಗಾರಿನಲ್ಲಿ ಬಾವಿಕಟ್ಟೆ, ಕಾಲುವೆ ದಂಡೆ, ತಂಪಿರುವ ಬದುಗಳಲ್ಲಿ ಒಂದು ಕಸ ಏಳುತ್ತದೆ. ಸೊಂಟದೆತ್ತರ ಬರಬಹುದು. ಹಳದಿ ಹೂವು, ಮುರಿದರೆ ಬಿಳಿ ಹಾಲು. ನಮ್ಮೂರಲ್ಲಿ ಕೇಳಿದರೆ ‘ಹಾಲು ಬರೋ ಕಸ’ ಅಂತಾರೆ, ಅಷ್ಟೇ. ಪುಸ್ತಕದಲ್ಲಿ ಇದು ಸೊಂಕಸ್ ಒಲೆರೇಸಿಯಸ್. ನಾವು ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿಯ ಬಳಗದ್ದೇ.

ಇಂಗ್ಲಿಷಿನಲ್ಲಿ ಇದಕ್ಕೆ ಸೌ ಥಿಸಲ್ ಎನ್ನುತ್ತಾರೆ. ಸೌ ಅಂದರೆ ಹೆಣ್ಣುಹಂದಿ, ಥಿಸಲ್ ಅಂದರೆ ಮುಳ್ಳುಗಿಡ. ಬಿತ್ತುವುದಕ್ಕೂ ಅವರ ಅಕ್ಷರ ಅವೇ, ಉಚ್ಚಾರ ಮಾತ್ರ ‘ಸೋ’. ಆದರೆ ಇದನ್ನು ಯಾರೂ ಬಿತ್ತುವುದಿಲ್ಲ, ಬೀಜ ಗಾಳಿಯಲ್ಲಿ ತಾನೇ ಹಾರಿ ಬರುತ್ತದೆ! ಯುರೋಪಿನಲ್ಲಿ ಹಂದಿಗಳು ಇದನ್ನು ಆಸೆಪಟ್ಟು ತಿನ್ನುತ್ತವೆ. ಗಿಡದಲ್ಲಿ ಹಾಲಿದೆಯಲ್ಲ, ಮರಿ ಹಾಕಿದ ಹಂದಿಗೆ ತಿನ್ನಿಸಿದರೆ ಹಾಲು ಹೆಚ್ಚುತ್ತದೆ ಎಂದೂ ಅಲ್ಲಿನ ಹಳಬರು ನಂಬಿದ್ದರು. ಸೊಂಕಸ್ ಎಂಬುದು ಗ್ರೀಕರು ಕರೆಯುತ್ತಿದ್ದ ಹೆಸರು. ಒಲೆರೇಸಿಯಸ್ ಅಂದರೆ ಲ್ಯಾಟಿನ್ನಿನಲ್ಲಿ ಅಡುಗೆ ಸೊಪ್ಪಿನ ಜಾತಿಯದು. 1753ರಲ್ಲಿ ಲಿನೇಯಸ್ ಈ ಎರಡನ್ನೂ ಕೂಡಿಸಿಟ್ಟ. ಎಳೆ ಎಲೆ ತಿನ್ನಲು ಬರುತ್ತದೆ ಎಂಬುದು ಹೆಸರಲ್ಲೇ ಇದೆ. ಬಲಿತರೆ ಕಹಿ.

ಗುರುತು ಹೀಗೆ. ದಂಟು ಅಡ್ಡ ಕತ್ತರಿಸಿ ನೋಡಿ, ಒಳಗೆ ಪೊಳ್ಳು. ಎಲೆಗೆ ತೊಟ್ಟಿಲ್ಲ, ಬುಡ ಎರಡು ಕಿವಿಯಂತೆ ದಂಟನ್ನು ಅಪ್ಪಿರುತ್ತದೆ. ಕಿವಿ ಚೂಪಾಗಿದ್ದು ಎಲೆ ಮೆತ್ತಗಿದ್ದರೆ ಇದೇ. ಕಿವಿ ದುಂಡಗೆ ಸುರುಳಿಯಾಗಿದ್ದು ಎಲೆ ಹೊಳಪಾಗಿ ಚುಚ್ಚುವಂತಿದ್ದರೆ ಇದರ ಅಣ್ಣ, ಸೊಂಕಸ್ ಆಸ್ಪರ್. ಆಸ್ಪರ್ ಅಂದರೆ ಒರಟು.

ಬರೀ ಹಾಲು ನೋಡಿ ನಂಬಬೇಡಿ. ಎಕ್ಕದಲ್ಲೂ ಕಳ್ಳಿಯಲ್ಲೂ ಬಿಳಿ ಹಾಲೇ ಇದೆ. ಹೆಚ್ಚು ಭಯ ಅರಿಶಿನ ದತ್ತೂರಿಯದು. ಎಳೆಯದಿದ್ದಾಗ ಅದೂ ಹೀಗೇ ನೆಲಕ್ಕೆ ಹರಡಿಕೊಂಡು, ಮುಳ್ಳಂಚಿನ ಎಲೆ ಬಿಟ್ಟುಕೊಂಡು ಕೂತಿರುತ್ತದೆ. ಆದರೆ ನರಗಳ ಗುಂಟ ಬಿಳಿ ಪಟ್ಟೆ ಇರುತ್ತದೆ, ಚಿವುಟಿದರೆ ಅರಿಶಿನ ಕಲಸಿದಂಥ ರಸ ಬರುತ್ತದೆ. ಅದು ವಿಷ. ಅದರ ಬೀಜ ನೋಡಲು ಸಾಸಿವೆಯಂತೆಯೇ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅದರ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು.

ಸೊಪ್ಪು ಆಯಲು ಹೋಗುವ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಇವೆರಡು ಗಿಡಗಳನ್ನು ಪಕ್ಕಪಕ್ಕ ಕಿತ್ತಿಟ್ಟು, ಚಿವುಟಿ ತೋರಿಸಿ. ಕಳೆನಾಶಕ ಹೊಡೆದ ಬದುವಿನದು ಯಾವ ಸೊಪ್ಪೂ ಬೇಡ.