ದೀಪಕ್ಕೆ ಬರುವ ಒಂದು ಕೀಟ: ಅದರ ಗುರುತು ಮತ್ತು ವರ್ಣನೆ

ಆದಾಮನು ಜೀವಜಂತುಗಳಿಗೆ ಹೆಸರಿಟ್ಟ ಸಂಗತಿಯನ್ನು ನಮ್ಮ ವಿದ್ಯಾರ್ಥಿನಿಯರೆಲ್ಲರೂ ಆದಿಕಾಂಡದಲ್ಲಿ ಓದಿರುತ್ತಾರೆ. ಹೆಸರಿಡುವವನು ಮೊದಲು ಆ ಜೀವಿಯನ್ನು ಎದುರಿಗಿಟ್ಟುಕೊಂಡು ನೋಡಿರಬೇಕಷ್ಟೆ. ನೋಡುವುದಕ್ಕೆ ಮುಂಚೆಯೇ ಹೆಸರಿಟ್ಟರೆ ಏನಾಗುವುದೆಂಬುದನ್ನು ನಾವು ಅಕ್ಕಿಕಾಳಿನಷ್ಟು ಉದ್ದದ ಒಂದು ಕೀಟದಿಂದ ಕಲಿಯಬೇಕಾಯಿತು. ಈ ಪಾಠವನ್ನು ಬರೆಯುವುದಕ್ಕೆ ಅದೇ ಕಾರಣವು.

ಕೆಲವು ವರ್ಷಗಳ ಹಿಂದೆ, ಮುಂಗಾರು ಮಳೆ ಹಿಡಿದಿದ್ದ ಕಾಲದಲ್ಲಿ, ವಿದ್ಯಾರ್ಥಿನಿಲಯದ ಒಬ್ಬ ಹುಡುಗಿಯ ಕತ್ತಿನ ಮೇಲೆ ಬೆಂಕಿ ತಗುಲಿದಂತೆ ಒಂದು ಕೆಂಪು ಗೆರೆ ಮೂಡಿತು. ಮರುದಿನ ಅದರ ಮೇಲೆ ಸಣ್ಣ ಬೊಕ್ಕೆಗಳೆದ್ದವು. ಒಬ್ಬರು ಸರ್ಪಸುತ್ತೆಂದರು, ಒಬ್ಬರು ಹಲ್ಲಿಯ ಮೂತ್ರ ಬಿದ್ದಿದೆಯೆಂದರು, ಮತ್ತೊಬ್ಬರು ಜೇಡನ ವಿಷವೆಂದರು. ಅಂಟುರೋಗವೆಂಬ ಭಯದಿಂದ ಅಕ್ಕಪಕ್ಕದ ಹುಡುಗಿಯರು ತಮ್ಮ ಹಾಸಿಗೆಗಳನ್ನು ದೂರ ಎಳೆದುಕೊಂಡರು. ಊಟದ ಸಾಲಿನಲ್ಲಿ ಅವಳ ಎರಡು ಕಡೆಯೂ ಸ್ಥಳವು ಬರಿದಾಗಿತ್ತು. ಅವರನ್ನು ತಿದ್ದಬೇಕಾಗಿದ್ದ ನಾವೇ ವಿಚಾರಿಸದೆ ಅವಳನ್ನು ನಾಲ್ಕು ದಿನ ಬೇರೆ ಕೋಣೆಯಲ್ಲಿ ಮಲಗಿಸಿದೆವು. ಐದನೆಯ ದಿನ, ಅವಳ ಹತ್ತಿರಕ್ಕೂ ಹೋಗದಿದ್ದ ಇನ್ನೊಬ್ಬ ಹುಡುಗಿಯ ಮೊಳಕೈಯ ಮಡಿಕೆಯಲ್ಲಿ ಅಂಥದೇ ಗಾಯವು ಕಾಣಿಸಿತು. ಅಂದು ರಾತ್ರಿ ಎಂಟನೆಯ ತರಗತಿಯ ಒಬ್ಬಳು ದೀಪದ ಕೆಳಗಿನ ಗೋಡೆಯಿಂದ ಒಂದು ಕೀಟವನ್ನು ಸೀಸೆಯಲ್ಲಿ ಹಿಡಿದು ತಂದು, "ಅಮ್ಮಾ, ಇದು ಪ್ರತಿರಾತ್ರಿಯೂ ನಮ್ಮ ಹಾಸಿಗೆಗಳ ಮೇಲೆ ಬೀಳುತ್ತದೆ" ಎಂದಳು. ವೈದ್ಯರು ಕೀಟವನ್ನೂ ಗಾಯಗಳನ್ನೂ ನೋಡಿ, ಇದು ಆ ಕೀಟದ ವಿಷದಿಂದ ಆದುದು, ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲವೆಂದು ಹೇಳಿದರು.

ಪರೀಕ್ಷಿಸುವ ಕ್ರಮ

ಈ ಕೀಟವನ್ನು ಬರಿಗೈಯಿಂದ ಎಂದಿಗೂ ಹಿಡಿಯಬಾರದು. ಅಗಲ ಬಾಯಿಯ ಸೀಸೆಯನ್ನು ಅದರ ಮೇಲೆ ಕವಿಚಿ, ಅಡಿಯಲ್ಲಿ ಒಂದು ಗಟ್ಟಿ ಕಾಗದವನ್ನು ಮೆಲ್ಲಗೆ ತೂರಿಸಬೇಕು. ಬಳಿಕ ಸೀಸೆಯನ್ನು ಬಿಳಿಯ ಕಾಗದದ ಮೇಲಿಟ್ಟು ಭೂತಕನ್ನಡಿಯಿಂದ ನೋಡಬೇಕು. ಪಕ್ಕದಲ್ಲಿ ಅಳತೆಪಟ್ಟಿಯೂ ಪೆನ್ಸಿಲೂ ಇರಲಿ. ಕಂಡದ್ದನ್ನು ಕಂಡ ಕೂಡಲೇ ಬರೆಯಬೇಕು, ನೆನಪನ್ನು ನಂಬಬಾರದು.

ಗುರುತು

ಗುರುತಿಸುವುದೆಂದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. ಮೊದಲನೆಯ ಪ್ರಶ್ನೆ: ಇದು ಕೀಟವೇ? ಆರು ಕಾಲುಗಳೂ, ತಲೆ, ಎದೆ, ಹೊಟ್ಟೆಗಳೆಂಬ ಮೂರು ಭಾಗಗಳೂ ಇರುವುದರಿಂದ ಕೀಟವೇ ಹೌದು. ಎಂಟು ಕಾಲುಗಳಿಲ್ಲವಾದ್ದರಿಂದ ಜೇಡನಲ್ಲ.

ಎರಡನೆಯದು: ಯಾವ ಗಣಕ್ಕೆ ಸೇರಿದುದು? ನಡೆಯುವ ರೀತಿಯನ್ನು ನೋಡಿದವರು ಇರುವೆಯೆಂದು ಭ್ರಮಿಸುತ್ತಾರೆ. ಆದರೆ ಇರುವೆಗೆ ಇರುವಂಥ ಸಣ್ಣ ನಡುವು ಇದಕ್ಕಿಲ್ಲ. ಬೆನ್ನಿನ ಮೇಲೆ ಎರಡು ಗಡಸು ಮುಂರೆಕ್ಕೆಗಳು ನಟ್ಟನಡುವೆ ನೇರವಾದ ಗೆರೆಯಲ್ಲಿ ಕೂಡಿಕೊಂಡಿವೆ. ಇದು ಜೀರುಂಡೆಗಳ ಗಣವಾದ ಕೋಲಿಯಾಪ್ಟೆರಾದ ಲಕ್ಷಣವು.

ಮೂರನೆಯದು: ಯಾವ ಕುಟುಂಬ? ಸಾಮಾನ್ಯ ಜೀರುಂಡೆಯಲ್ಲಿ ಗಡಸುರೆಕ್ಕೆಗಳು ಹೊಟ್ಟೆಯನ್ನೆಲ್ಲ ಮುಚ್ಚುತ್ತವೆ. ಇಲ್ಲಿ ಅವು ಮೋಟಾಗಿದ್ದು, ಹೊಟ್ಟೆಯ ಬಹುಭಾಗವು ತೆರೆದೇ ಇದೆ. ಬಾಲದಲ್ಲಿ ಇಕ್ಕುಳವುಳ್ಳ ಬೇರೊಂದು ಬಗೆಯ ಕೀಟಕ್ಕೂ ಮೋಟು ಮುಂರೆಕ್ಕೆಗಳುಂಟು. ನಮ್ಮ ಕೀಟದಲ್ಲಿ ಇಕ್ಕುಳವಿಲ್ಲ. ಆದ್ದರಿಂದ ಇದು ಸ್ಟ್ಯಾಫಿಲಿನಿಡೇ ಎಂಬ ಕುಟುಂಬಕ್ಕೆ ಸೇರಿದುದು. ಈ ಒಂದೇ ಕುಟುಂಬದಲ್ಲಿ 60,000ಕ್ಕೂ ಮಿಕ್ಕಿದ ಜಾತಿಗಳು ವರ್ಣಿತವಾಗಿವೆ. ನಮ್ಮ ದೇಶದವುಗಳನ್ನು ಕುರಿತು ಮಾಲ್ಕಮ್ ಕೆಮರನ್ ಎಂಬವರು 1930ರಿಂದ 1939ರವರೆಗೆ ಹಲವು ಸಂಪುಟಗಳನ್ನು ಪ್ರಕಟಿಸಿದರು.

ನಾಲ್ಕನೆಯದು: ಯಾವ ಕುಲ? ಕಪ್ಪು, ಕಿತ್ತಳೆಗೆಂಪು, ಹೊಳೆಯುವ ನೀಲಿ ಬಣ್ಣಗಳು ಪಟ್ಟೆಪಟ್ಟೆಯಾಗಿರುವುದೂ, ಪಾದದ ನಾಲ್ಕನೆಯ ಗಿಣ್ಣು ಎರಡಾಗಿ ಸೀಳಿರುವುದೂ 1775ರಲ್ಲಿ ಫ್ಯಾಬ್ರಿಸಿಯಸ್ ಎಂಬ ಪಂಡಿತನು ಹೆಸರಿಟ್ಟ ಪೀಡೆರಸ್ ಕುಲವನ್ನು ಸೂಚಿಸುತ್ತವೆ.

ಕೊನೆಯ ಮೆಟ್ಟಿಲಾದ ಜಾತಿಯಲ್ಲಿ ನಾವು ನಿಲ್ಲಬೇಕಾಯಿತು. ಈ ಕುಲದ ಅನೇಕ ಜಾತಿಗಳು ಬಣ್ಣದಲ್ಲಿ ಒಂದನ್ನೊಂದು ಹೋಲುತ್ತವೆ. ಗಂಡು ಕೀಟದ ಒಳಾವಯವದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಹೊರತು ನಿಶ್ಚಯವಾಗಿ ಹೇಳಲಾಗದು. ಆದಕಾರಣ ಸೀಸೆಯ ಚೀಟಿಯ ಮೇಲೆ "ಪೀಡೆರಸ್" ಎಂದಷ್ಟೇ ಬರೆದು, ಮುಂದಿನ ಸ್ಥಳವನ್ನು ಖಾಲಿ ಬಿಟ್ಟೆವು. ಮದ್ಯಸಾರದಲ್ಲಿಟ್ಟ ಕೆಲವು ಮಾದರಿಗಳನ್ನು ಕೀಟಶಾಸ್ತ್ರ ಬಲ್ಲವರೊಬ್ಬರಿಗೆ ಕಳುಹಿಸಿದ ಮೇಲೆ, ಅದು ಪೀಡೆರಸ್ ಫಸ್ಕಿಪೆಸ್ ಎಂದು ಉತ್ತರ ಬಂದಿತು. 1826ರಲ್ಲಿ ಜಾನ್ ಕರ್ಟಿಸ್ ಎಂಬ ಆಂಗ್ಲ ವಿದ್ವಾಂಸನು ಇದನ್ನು ವರ್ಣಿಸಿದನು. ಫಸ್ಕಿಪೆಸ್ ಎಂಬ ಲ್ಯಾಟಿನ್ ಶಬ್ದಕ್ಕೆ ಮಬ್ಬು ಬಣ್ಣದ ಪಾದವುಳ್ಳದ್ದು ಎಂದರ್ಥ. ಯುರೋಪಿನಿಂದ ಏಷ್ಯಾ ಖಂಡದ ಮೂಲಕ ಆಸ್ಟ್ರೇಲಿಯದವರೆಗೂ ಈ ಜಾತಿಯು ಹರಡಿದೆ.

ವರ್ಣನೆ

ತರಗತಿಯಲ್ಲಿ ಸಿದ್ಧಪಡಿಸಿದ ವರ್ಣನೆಯನ್ನು ಮಾದರಿಯಾಗಿ ಕೊಡುತ್ತೇವೆ. ಉದ್ದ ಸುಮಾರು 7 ಮಿಲಿಮೀಟರು. ದೇಹ ಕಿರಿದು, ನೀಳ. ತಲೆ ಕಪ್ಪು. ಕುಡಿಮೀಸೆಗಳಿಗೆ 11 ಗಿಣ್ಣುಗಳು. ಬುಡದವು ನಸುಹಳದಿ, ಮುಂದಿನವು ಮಬ್ಬು. ಎದೆಯ ಮೇಲ್ಭಾಗ ಕಿತ್ತಳೆಗೆಂಪು, ನುಣುಪು. ಗಡಸುರೆಕ್ಕೆಗಳು ಹೊಳೆಯುವ ನೀಲಿ ಅಥವಾ ಹಸುರುನೀಲಿ; ಮೇಲೆಲ್ಲ ಒತ್ತಾದ ಕುಳಿಗಳು. ಹಾರುವ ಹಿಂರೆಕ್ಕೆಗಳು ಅವುಗಳ ಅಡಿಯಲ್ಲಿ ಮಡಿಚಿಕೊಂಡಿರುತ್ತವೆ. ಹೊಟ್ಟೆಯ ತೆರೆದ ಭಾಗದಲ್ಲಿ ಮೊದಲ ನಾಲ್ಕು ಪಟ್ಟೆಗಳು ಕಿತ್ತಳೆಗೆಂಪು, ತುದಿಯ ಎರಡು ಕಪ್ಪು. ವೇಗವಾಗಿ ಓಡುತ್ತದೆ, ಕೆಣಕಿದರೆ ಚೇಳಿನಂತೆ ಹೊಟ್ಟೆಯ ತುದಿಯನ್ನು ಮೇಲೆತ್ತುತ್ತದೆ.

"ಭಯಂಕರ", "ಅಸಹ್ಯ" ಎಂಬ ಮಾತುಗಳು ಈ ವರ್ಣನೆಯಲ್ಲಿ ಇಲ್ಲದಿರುವುದನ್ನು ಗಮನಿಸಿರಿ. ಅವು ನೋಡುವವರ ಮನಸ್ಸನ್ನು ತಿಳಿಸುವ ಮಾತುಗಳಾದುದರಿಂದ ಅವನ್ನು ಹೊಡೆದುಹಾಕಿದೆವು.

ವಿಷ ಮತ್ತು ಉಪಕಾರ

ಚೇಳಿನ ಭಂಗಿಯನ್ನು ನೋಡಿ ಇದು ಕುಟುಕುತ್ತದೆಂದು ತಿಳಿಯುವುದು ತಪ್ಪು. ಇದಕ್ಕೆ ಕೊಂಡಿಯಿಲ್ಲ, ಗಾಯವು ಕಚ್ಚಿದುದರಿಂದ ಆದುದೂ ಅಲ್ಲ. ವಿಷವು ಅದರ ದೇಹರಸದಲ್ಲಿದೆ. ಮೈಮೇಲೆ ಹರಿದಾಗ ನಾವು ಉಜ್ಜಿ ಅಥವಾ ಹೊಸಕಿದರೆ ಆ ರಸವು ಚರ್ಮಕ್ಕೆ ತಗಲುತ್ತದೆ. ಉಜ್ಜಿದ ದಾರಿಯಲ್ಲೇ ಗೆರೆ ಮೂಡುತ್ತದೆ. ಮೊಳಕೈ ಮಡಿಕೆಯಲ್ಲಿ ಹೊಸಕಿಹೋದರೆ ಎದುರುಬದುರಾಗಿ ಎರಡು ಗಾಯಗಳಾಗುತ್ತವೆ. ಉರಿಯು ಕೂಡಲೇ ಕಾಣಿಸದೆ ಒಂದು ದಿನದ ಸುಮಾರಿಗೆ ಕಾಣಿಸುವುದರಿಂದ, ಕಾರಣವಾದ ಕೀಟವು ಯಾರ ನೆನಪಿಗೂ ಬರುವುದಿಲ್ಲ. ದೋಷವು ಹಲ್ಲಿಯ ಮೇಲೂ ಜೇಡನ ಮೇಲೂ ಬೀಳುವುದು ಹೀಗೆಯೇ.

1953ರಲ್ಲಿ ಇಟಲಿಯ ಪಾವಾನ್ ಮತ್ತು ಬೋ ಎಂಬ ವಿಜ್ಞಾನಿಗಳು ಈ ವಿಷವನ್ನು ಬೇರ್ಪಡಿಸಿ ಅದಕ್ಕೆ ಪೆಡೆರಿನ್ ಎಂದು ಹೆಸರಿಟ್ಟರು. ಮೊದಮೊದಲು ಅದರ ಸ್ವರೂಪವನ್ನು ತಿಳಿಯುವುದಕ್ಕೆ ಎರಡೂವರೆ ಕೋಟಿ ಕೀಟಗಳು ಬೇಕಾದವು. ಕೀಟವು ಇದನ್ನು ತಾನೇ ತಯಾರಿಸುವುದಿಲ್ಲ. ಹೆಣ್ಣು ಕೀಟಗಳ ದೇಹದಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆಂಬುದು 2002ರ ಸಂಶೋಧನೆಗಳಿಂದ ಸ್ಪಷ್ಟವಾಯಿತು.

ಇಷ್ಟು ಕೇಳಿದ ಹುಡುಗಿಯರು ಇದನ್ನು ಕಂಡಲ್ಲೆಲ್ಲ ನಾಶಮಾಡಬೇಕೆಂದರು. ಅದೂ ಪೂರ್ತಿ ನೋಡದೆ ಹೇಳಿದ ಮಾತು. ಇದರ ನಿಜವಾದ ಮನೆಯು ತೇವವುಳ್ಳ ಹೊಲಗದ್ದೆಗಳು. ಹಸಿಮಣ್ಣಿನಲ್ಲಿ ಇದು ಒಂದೊಂದಾಗಿ ಮೊಟ್ಟೆಯಿಡುತ್ತದೆ. ಬತ್ತದ ಪೈರನ್ನು ಹೀರುವ ಜಿಗಿಹುಳುಗಳನ್ನೂ ಇತರ ಸಣ್ಣ ಕೀಟಗಳನ್ನೂ ಹಿಡಿದು ತಿನ್ನುತ್ತದೆ. ಹಗಲಲ್ಲಿ ರೈತನಿಗೆ ಕೂಲಿಯಿಲ್ಲದೆ ದುಡಿಯುವ ಈ ಜೀವಿಯು ರಾತ್ರಿ ನಮ್ಮ ದೀಪದ ಬೆಳಕಿಗೆ ಮರುಳಾಗಿ ಬರುತ್ತದೆ. ನಮ್ಮನ್ನು ಹುಡುಕಿಕೊಂಡು ಬರುವುದಿಲ್ಲ.

ಎಚ್ಚರಿಕೆ

ಮೈಮೇಲೆ ಕಂಡರೆ ಹೊಡೆಯದೆ ಊದಿಬಿಡಬೇಕು, ಅಥವಾ ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡಬೇಕು. ಹೊಸಕಿಹೋದರೆ ಆ ಸ್ಥಳವನ್ನು ಕೂಡಲೇ ಸಾಬೂನು ಹಚ್ಚಿ ಧಾರಾಳವಾಗಿ ನೀರಿನಿಂದ ತೊಳೆಯಬೇಕು. ಆ ಕೈಯಿಂದ ಕಣ್ಣನ್ನು ಮುಟ್ಟಬಾರದು. ಕಣ್ಣಿಗೆ ತಗಲಿದರೆ ಶುದ್ಧವಾದ ನೀರಿನಿಂದ ತೊಳೆದು ವೈದ್ಯರ ಬಳಿಗೆ ಹೋಗಬೇಕು. ಮಳೆಗಾಲದಲ್ಲಿ ಕಿಟಕಿಗಳಿಗೆ ಸಣ್ಣ ಕಣ್ಣಿನ ಜಾಲರಿಯಿರಲಿ. ದೀಪದ ನೇರ ಕೆಳಗೆ ಹಾಸಿಗೆ ಬೇಡ. ಮಲಗುವ ಮೊದಲು ಹೊದಿಕೆಯನ್ನು ಕೊಡವಲಿ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಈ ನಿಯಮಗಳನ್ನು ಇಂದಿಗೂ ನಡೆಸುತ್ತಿದ್ದೇವೆ.

ವೈದ್ಯರು ಬಂದು ಹೋದ ಮರುದಿನ ಬೆಳಗಿನ ಪ್ರಾರ್ಥನೆಯ ಬಳಿಕ, ಆ ಹುಡುಗಿಯನ್ನು ಬೇರೆಯಿಟ್ಟದ್ದು ನಮ್ಮ ತಪ್ಪೆಂದು ಎಲ್ಲರ ಮುಂದೆ ಒಪ್ಪಿಕೊಂಡೆವು. ಅವಳು ಏನೂ ಹೇಳಲಿಲ್ಲ. ಆ ಮಧ್ಯಾಹ್ನ ಅವಳ ಎರಡು ಕಡೆಯೂ ಹುಡುಗಿಯರು ಕುಳಿತರು. ಎರಡು ಮೂರು ವಾರಗಳಲ್ಲಿ ಗಾಯವು ಮಾಯಿತು. ಕಪ್ಪು ಕಲೆಯು ಮಾತ್ರ ಕೆಲವು ತಿಂಗಳುಗಳ ಕಾಲ ಉಳಿದಿತ್ತು. ಅದನ್ನು ಕಂಡಾಗಲೆಲ್ಲ ನಮಗೆ ನಮ್ಮ ಪಾಠವು ನೆನಪಾಗುತ್ತಿತ್ತು.

ವಿದ್ಯಾರ್ಥಿನಿಯರೇ, ಆ ಸೀಸೆಯು ಈಗಲೂ ವಿಜ್ಞಾನದ ಕೋಣೆಯ ಕಪಾಟಿನಲ್ಲಿದೆ. ಅದರ ಚೀಟಿಯಲ್ಲಿ ಕುಲದ ಹೆಸರು ಒಂದು ಶಾಯಿಯಲ್ಲಿಯೂ, ಆಮೇಲೆ ತಿಳಿದ ಜಾತಿಯ ಹೆಸರು ಇನ್ನೊಂದು ಶಾಯಿಯಲ್ಲಿಯೂ ಇರುವುದನ್ನು ನೋಡುವಿರಿ. ತಿಳಿದಷ್ಟನ್ನು ಬರೆಯಿರಿ, ತಿಳಿಯದುದಕ್ಕೆ ಸ್ಥಳ ಬಿಡಿರಿ. ಕೀಟದ ವಿಷಯದಲ್ಲಿ ಈ ಅಭ್ಯಾಸವನ್ನು ಮಾಡಿಕೊಂಡವಳು ಮನುಷ್ಯರ ವಿಷಯದಲ್ಲಿಯೂ ಅವಸರದಿಂದ ಹೆಸರಿಡಲಾರಳೆಂದು ನಾವು ನಂಬಿದ್ದೇವೆ.