ಜಾವಳಿ ತೋಟಕ್ಕೆ ಇಳಿಯುವವರಿಗೆ ಐದು ಸೂತ್ರ

ಹೇಮಾವತಿ ಹುಟ್ಟುವ ಜಾವಳಿಯಲ್ಲಿ ಮಳೆ ಹಿಡಿದರೂ ತೋಟದ ಕೆಲಸ ಪೂರ್ತಿ ನಿಲ್ಲುವುದಿಲ್ಲ. ಮೈಯೊಳಗೆ ಏನು ನಡೆಯುತ್ತದೆಂದು ತಿಳಿದವರಿಗೆ ಇಂಬಳದಿಂದ ಹಾವಿನವರೆಗೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

1. ಇಂಬಳವನ್ನು ಕೀಳಬೇಡಿ, ಜಾರಿಸಿ. ಅದರ ಸಪೂರ ತುದಿಯೇ ಬಾಯಿ. ಉಗುರನ್ನು ಚರ್ಮಕ್ಕೆ ಒತ್ತಿ ಆ ತುದಿಯ ಅಡಿಗೆ ಸರಿಸಿದರೆ ಹಿಡಿತ ಸಡಿಲವಾಗುತ್ತದೆ. ಆಮೇಲೆ ದಪ್ಪ ತುದಿಯನ್ನು ಬಿಡಿಸಿ. ಉಪ್ಪು, ಸುಣ್ಣ ಹಾಕಿದರೂ ಬೀಳುತ್ತದೆ ನಿಜ. ಆದರೆ ಬೀಳುವ ಮೊದಲು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಇಂಬಳ ಹತ್ತದಂತೆ ಹಚ್ಚುವ ಹೊಗೆಸೊಪ್ಪಿನ ನೀರು ಕಾಲುಚೀಲಕ್ಕಿರಲಿ, ಗಾಯಕ್ಕೆ ಬೇಡ.

2. ರಕ್ತ ನಿಲ್ಲಲಿಲ್ಲವೆಂದು ಗಾಬರಿಬೀಳಬೇಡಿ. ಇಂಬಳ ಹೋಗಿ ಗಂಟೆಯಾದರೂ ಕಾಲು ಒದ್ದೆಯಾಗಿಯೇ ಇರುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟಲು ಬಿಡದ ರಸವಿದೆ. ಇಂಬಳದ ಬಳಗದ್ದೇ ಆದ ಜಿಗಣೆಯಲ್ಲಿ ಇಂಥ ಗುಣವಿರುವುದನ್ನು ವಿಜ್ಞಾನಿ ಜಾನ್ ಹೇಕ್ರಾಫ್ಟ್ 1884ರಲ್ಲೇ ತೋರಿಸಿದ್ದರು. ಔಷಧಿ ಜಿಗಣೆಯ ಆ ರಸ ಹಿರುಡಿನ್. ಅದರ ಮಾದರಿಯಲ್ಲೇ ಮಾಡಿದ ಬೈವಲಿರುಡಿನ್ ಇಂದು ಹೃದಯದ ಆಂಜಿಯೋಪ್ಲಾಸ್ಟಿಗೆ ಬಳಕೆಯಾಗುತ್ತದೆ. ನಾವು ಶಾಪ ಹಾಕುವ ಪ್ರಾಣಿಗೆ ಇಷ್ಟಾದರೂ ಮರ್ಯಾದೆ ಸಲ್ಲಬೇಕು! ಸೋಪು ಹಾಕಿ ತೊಳೆದು, ಬಟ್ಟೆಯಿಂದ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ವೈದ್ಯರಿಗೆ ತೋರಿಸಿ.

3. ಊಟದ ಬೆನ್ನಿಗೇ ಕಾಫಿ ಬೇಡ. ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು ಸೊಪ್ಪು, ಕಾಳಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ರಕ್ತಹೀನತೆ ಇರುವ ಹೆಂಗಸರು ಒಂದು ಗಂಟೆ ತಡೆದು ಕುಡಿಯಲಿ. ಕಾಫಿ ಬೆಳೆಯುವ ನಾಡಿನಲ್ಲಿ ಇದನ್ನು ಹೇಳಿದರೆ ಯಾರೂ ಒಪ್ಪುವುದಿಲ್ಲ, ಗೊತ್ತು.

4. ಜ್ವರ ಬಂದರೆ ಋತು ನೋಡಿ. ಮಳೆಗಾಲದಲ್ಲಿ ಗದ್ದೆ, ಕೆಸರು ತುಳಿದ ಮೇಲೆ ಜ್ವರ, ಮೀನಖಂಡದ ನೋವು, ಕೆಂಪು ಕಣ್ಣು ಕಂಡರೆ ಇಲಿಜ್ವರದ ಅನುಮಾನವಿರಲಿ. ಬೇಗ ಹೋದರೆ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಕಾಡು ಹೊಕ್ಕು ಬಂದವರಿಗೆ ಮಂಗನ ಕಾಯಿಲೆಯ ಭಯ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಈ ವೈರಸ್ ಹರಡುವುದು ಉಣ್ಣೆಹುಳದಿಂದ. ಇದಕ್ಕೆಂದೇ ಔಷಧಿ ಇಲ್ಲ. ಯಾವ ಜ್ವರವೆಂದು ತಿಳಿಯುವ ತನಕ ಆಸ್ಪಿರಿನ್ ಮುಟ್ಟಬೇಡಿ, ಅದು ರಕ್ತಸ್ರಾವ ಹೆಚ್ಚಿಸುತ್ತದೆ.

5. ಹಾವು ಕಡಿದರೆ ಬಿಗಿದು ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಕಾಲು ಅಲುಗದಂತೆ ಕೋಲು ಕಟ್ಟಿ ಮಲಗಿಸಿ, ವಾಹನ ಹತ್ತಿಸಿ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೇ ಖರ್ಚು ಮಾಡಿಬಿಡುತ್ತದೆ. ಅದಕ್ಕೇ ವೈದ್ಯರು ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಓರೆ ಮಾಡಿ ನೋಡುವುದು. ಹರಿದರೆ ವಿಷ ಏರಿದೆಯೆಂದೇ ಅರ್ಥ. ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲ, ಈ ನಾಲ್ಕಕ್ಕೂ ಪ್ರತಿವಿಷ ಒಂದೇ. ಹಾವನ್ನು ಹಿಡಿದು ತರಬೇಕಿಲ್ಲ. ಕಾಫಿ ಗಿಡದ ಮೇಲೆ ಕೂರುವ ಗುಳಿಮಂಡಲ ಈ ಪಟ್ಟಿಯಲ್ಲಿಲ್ಲ, ಆದರೂ ಆಸ್ಪತ್ರೆಯ ನಿಗಾ ಬೇಕೇ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷ ಉಚಿತ. ಮಂತ್ರ ಹಾಕಿಸಲು ಹೋಗದೆ ನೇರ ಮೂಡಿಗೆರೆ ಆಸ್ಪತ್ರೆಯ ದಾರಿ ಹಿಡಿಯಿರಿ.