ವಾಟರ್ ಪಾರ್ಕಿಗೆ ಮೊದಲು ದಿನ ಗೊತ್ತು ಮಾಡಿ

ಮನೆಮಂದಿಯೆಲ್ಲ ವಾಟರ್ ಪಾರ್ಕಿಗೆ ಹೋಗುವ ಮಾತು ಬಂದಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಕ್ಯಾಲೆಂಡರನ್ನು. ಟಿಕೆಟ್ ದರ ನೋಡುವುದು ಆಮೇಲೆ. ಭಾನುವಾರಕ್ಕೊಂದು ದರ, ವಾರದ ನಡುವೆ ಒಂದು ದರ, ರಜೆಯ ಸೀಜನ್‌ಗೆ ಮತ್ತೊಂದು ದರ ಇರುವ ಜಾಗ ಅದು. ದಿನ ಗೊತ್ತಾಗದೆ ಲೆಕ್ಕ ಹಾಕಲು ಕೂತರೆ ಆ ಲೆಕ್ಕ ನಿಲ್ಲುವುದಿಲ್ಲ.

ಬೆಂಗಳೂರಿನವರಾದ ನಮಗೆ ಹತ್ತಿರದ್ದು ಮೈಸೂರು ರಸ್ತೆಯ ವಂಡರ್‌ಲಾ. ಬಿಡದಿಗಿಂತ ಸ್ವಲ್ಪ ಈಚೆ ಸಿಗುತ್ತದೆ, 2005ರಿಂದ ನಡೆಯುತ್ತಿದೆ. ಮಂಡ್ಯ, ಹಾಸನದ ಕಡೆಯವರಿಗೆ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಹತ್ತಿರವಾಗುತ್ತದೆ. ಜಾಗ ಯಾವುದಾದರೂ ಲೆಕ್ಕದ ದಾರಿ ಒಂದೇ.

ಚಿತ್ರದುರ್ಗದಿಂದ ಅಣ್ಣನ ಸಂಸಾರ ರಜೆಗೆ ಬಂದಾಗ ನಾವೆಲ್ಲ ಸೇರಿ ಒಂಬತ್ತು ಜನ. ನಾವಿಬ್ಬರು, ಅತ್ತೆ, ಅಣ್ಣ, ಅತ್ತಿಗೆ, ಎರಡೂ ಕಡೆಯ ಮಕ್ಕಳು ನಾಲ್ವರು. ನನ್ನ ಗಂಡನಿಗೆ ತಿಂಗಳ ಸಂಬಳ, ವಾರದ ನಡುವೆ ಒಂದು ಸಿ.ಎಲ್. ಹಾಕಿದರೆ ಕೈಯಿಂದ ಏನೂ ಹೋಗುವುದಿಲ್ಲ. ಅಣ್ಣನದು ಟೈಲರಿಂಗ್ ಅಂಗಡಿ. ಏಪ್ರಿಲ್, ಮೇ ಅಂದರೆ ಮದುವೆ ಸೀಜನ್, ಒಂದು ದಿನ ಬಾಗಿಲು ಹಾಕಿದರೆ ಆ ದಿನದ ದುಡಿಮೆ ಪೂರ್ತಿ ಹೋಯಿತು. ಪ್ರವಾಸದ ಖರ್ಚಿನ ಪಟ್ಟಿಯಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಬರೆಯಲೇಬೇಕು. ದಿನಗೂಲಿಯವರಿಗೆ, ಆಟೊ ಓಡಿಸುವವರಿಗೆ, ಸಣ್ಣ ಅಂಗಡಿ ಇಟ್ಟವರಿಗೆ ಎಷ್ಟೋ ಸಲ ಟಿಕೆಟ್ಟಿಗಿಂತ ದೊಡ್ಡ ಖರ್ಚು ಅದೇ ಆಗಿರುತ್ತದೆ. ‘ಮಂಗಳವಾರ ನಮ್ಮ ಅಂಗಡಿ ರಜಾ ಐತಲ್ಲವ್ವಾ, ಅವತ್ತೇ ಹೋಗಾಣ’ ಅಂದ ಅಣ್ಣ. ಅವನಿಗೆ ದುಡಿಮೆ ಉಳಿಯಿತು, ಎಲ್ಲರಿಗೂ ವಾರದ ನಡುವಿನ ದರ ಸಿಕ್ಕಿತು.

ವಾರದ ನಡುವೆ ಹೋಗುವುದರಲ್ಲಿ ಇನ್ನೊಂದು ಲಾಭವಿದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಟಿಕೆಟ್ಟಿನ ದುಡ್ಡು ಕೊಟ್ಟು ನಾವು ಕೊಳ್ಳುವುದು ಒಂದು ಹಗಲನ್ನು. ಪಾರ್ಕಿನ ಒಳಗಿರುವುದು ಏಳು ಗಂಟೆ ಎಂದುಕೊಳ್ಳಿ. ಮೇ ತಿಂಗಳ ಭಾನುವಾರ ಒಂದೊಂದು ಆಟಕ್ಕೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತರೆ ಊಟದ ಹೊತ್ತು ಕಳೆದು ಏಳೆಂಟು ಆಟ ಆದರೆ ಹೆಚ್ಚು. ಅದೇ ದುಡ್ಡಿಗೆ, ಇನ್ನೂ ಕಡಿಮೆ ದುಡ್ಡಿಗೆ, ಮಂಗಳವಾರ ಅದರ ಎರಡರಷ್ಟು ಆಡಬಹುದು. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೂ ಇದೆ, ಬೆಲೆ ಬಹಳ ಹೆಚ್ಚು. ಭಾನುವಾರ ಬಿಟ್ಟು ಬೇರೆ ದಿನವೇ ಇಲ್ಲದವರು ಅದನ್ನು ಯೋಚಿಸಬಹುದು. ಜನ ಕಡಿಮೆ ಇರುವ ದಿನ ಹೋಗುವವರು ಅದಕ್ಕೆ ದುಡ್ಡು ಸುರಿಯುವುದು ಬೇಡ.

ಇನ್ನು ಟಿಕೆಟ್. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸನ್ನು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂ.ಮೀ. ಒಳಗಿನ ಮಗುವಿಗೆ ಉಚಿತ, ಅಲ್ಲಿಂದ 140 ಸೆಂ.ಮೀ.ವರೆಗೆ ಮಕ್ಕಳ ಟಿಕೆಟ್, ಅದಕ್ಕೂ ಎತ್ತರವಿದ್ದರೆ ದೊಡ್ಡವರ ಟಿಕೆಟ್. ಹಿಂದಿನ ರಾತ್ರಿಯೇ ಮಕ್ಕಳನ್ನು ಅಡುಗೆಮನೆಯ ಬಾಗಿಲಿಗೆ ಒರಗಿಸಿ ನಿಲ್ಲಿಸಿದೆವು. ಅಣ್ಣ ಕೊರಳಿನ ಟೇಪು ತೆಗೆದು, ರವಿಕೆಯ ಅಳತೆ ತೆಗೆಯುವಷ್ಟೇ ಶ್ರದ್ಧೆಯಿಂದ ಅಳೆದು, ಬಾಗಿಲಿನ ಮೇಲೆ ಚಾಕಿನಲ್ಲಿ ಗೀಟು ಹಾಕಿದ. ನನ್ನ ಮಗಳು 143, ದೊಡ್ಡವರ ಲೆಕ್ಕ. ಅಣ್ಣನ ಮಗಳು 138. ಎರಡು ಸೆಂಟಿಮೀಟರಿನಲ್ಲಿ ಟಿಕೆಟ್ ಅಗ್ಗವಾಯಿತು ನಿಜ, ಆದರೆ ಎತ್ತರದ ಮಿತಿ ಹಾಕಿರುವ ದೊಡ್ಡ ಆಟಗಳಿಗೆ ಅವಳನ್ನು ಬಿಡುವುದಿಲ್ಲ. ಅಕ್ಕ ಹತ್ತಿದ ಆಟಕ್ಕೆ ತಾನಿಲ್ಲ ಎಂದು ಗೇಟಿನಲ್ಲಿ ಗೊತ್ತಾದರೆ ಮಗುವಿನ ಅರ್ಧ ದಿನ ಅಳುವಿನಲ್ಲೇ ಹೋಗುತ್ತದೆ. ಮನೆಯಲ್ಲೇ ಹೇಳಿದ್ದರಿಂದ ಅವಳು ಮೊದಲೇ ಸಿದ್ಧಳಾಗಿ ಬಂದಳು. ಕಾಲೇಜು ಓದುವವರಿಗೆ ಗುರುತಿನ ಚೀಟಿ ತೋರಿಸಿದರೆ, ಹಿರಿಯ ನಾಗರಿಕರಿಗೆ ವಯಸ್ಸಿನ ದಾಖಲೆ ತೋರಿಸಿದರೆ ರಿಯಾಯಿತಿ ಸಿಗುತ್ತದೆ. ಬುಕ್ ಮಾಡುವ ಮುಂಚೆ ಪಾರ್ಕಿನವರನ್ನೇ ಒಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ.

ದರ ಆಗಾಗ ಬದಲಾಗುವುದರಿಂದ ಲೆಕ್ಕಕ್ಕೆಂದು ದೊಡ್ಡವರಿಗೆ 1,500 ರೂಪಾಯಿ, ಮಕ್ಕಳಿಗೆ 1,200 ಎಂದಿಟ್ಟುಕೊಳ್ಳೋಣ. ಆರು ದೊಡ್ಡ ಟಿಕೆಟ್, ಮೂರು ಚಿಕ್ಕ ಟಿಕೆಟ್ ಸೇರಿ 12,600. ಈ ದರದಲ್ಲಿ ಜಿ.ಎಸ್.ಟಿ. ಸೇರಿದೆಯೇ ಎಂದು ನೋಡಲೇಬೇಕು. 2017ರಲ್ಲಿ ಇಂಥ ಪಾರ್ಕುಗಳಿಗೆ ಶೇಕಡಾ 28 ತೆರಿಗೆ ಇತ್ತು, 2018ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸಿದರು. ತೆರಿಗೆ ಬೇರೆಯಾಗಿದ್ದರೆ ನಮ್ಮ 12,600ಕ್ಕೆ ಇನ್ನೂ 2,268 ಸೇರುತ್ತದೆ. ಒಂಬತ್ತು ಜನರ ಊಟಕ್ಕೆ ಆಗುವಷ್ಟು ದುಡ್ಡು ಅದು.

ಟಿಕೆಟ್ ಆದಮೇಲಿನ ಖರ್ಚಿಗೆ ಇನ್ನೊಂದು ಹಾಳೆಯನ್ನೇ ಇಡಿ. ವಂಡರ್‌ಲಾ 2014ರಿಂದ ಷೇರು ಪೇಟೆಯಲ್ಲಿರುವ ಕಂಪನಿ. ಅವರ ಲೆಕ್ಕಪತ್ರದಲ್ಲೇ ಟಿಕೆಟ್ ಆದಾಯ ಬೇರೆ, ಊಟ ಮತ್ತು ಇತರ ಮಾರಾಟದ ಆದಾಯ ಬೇರೆ. ಅವರು ಎರಡು ಮಾಡಿ ಬರೆಯುವುದನ್ನು ನಾವು ಒಂದೇ ಮಾಡಿಕೊಂಡು ಹೊರಟರೆ ಸಂಜೆ ಪರ್ಸು ನೋಡಿ ಗಾಬರಿಯಾಗುತ್ತದೆ. ನೀರಿನ ಆಟಕ್ಕೆ ಕಾಟನ್ ಬಟ್ಟೆ ನಡೆಯುವುದಿಲ್ಲ, ನೈಲಾನ್ ಅಥವಾ ಲೈಕ್ರಾ ಆಗಬೇಕು. ಅಲ್ಲಿಗೆ ಹೋಗಿ ಕೊಳ್ಳುವ ಬದಲು ಊರಲ್ಲೇ ನೋಡಿ ತಂದರೆ ಅಗ್ಗ. ಅತ್ತಿಗೆ ‘ಆ ಬಟ್ಟೆ ನಾ ಹಾಕ್ಕಳಲ್ಲ’ ಎಂದು ಪಟ್ಟು ಹಿಡಿದಿದ್ದರು. ಅಣ್ಣ ನೈಲಾನ್ ಬಟ್ಟೆ ತಂದು ಮೊಳಕಾಲು ದಾಟುವ, ತುಂಬು ತೋಳಿನ ಉಡುಪು ಹೊಲಿದುಕೊಟ್ಟ. ನೀರಿಗಿಳಿದವರನ್ನು ಸಂಜೆ ಮೇಲೆ ಕರೆಯುವುದೇ ಕಷ್ಟವಾಯಿತು.

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಆದ್ದರಿಂದ ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಹೊಟ್ಟೆ ತುಂಬ ತಿಂದು ಹೊರಟೆವು. ಆದರೆ ಮಧ್ಯಾಹ್ನದ ಊಟದಲ್ಲಿ ಜಿಪುಣತನ ಬೇಡ. ನೀರಲ್ಲಿ ಆಡಿದ ಮಕ್ಕಳ ಹಸಿವು ಎಂಥದೆಂದು ಹೆತ್ತವರಿಗೆ ಹೇಳಬೇಕಿಲ್ಲ. ಒಂಬತ್ತು ಜನರಿಗೆ ಒಂದೇ ಲಾಕರ್ ಸಾಕಾಗುತ್ತದೆಯೇ ನೋಡಿ, ದುಡ್ಡು, ಮೊಬೈಲು, ಒಣ ಬಟ್ಟೆ ಬಿಟ್ಟು ಬೇರೇನೂ ಒಯ್ಯಬೇಡಿ.

ಹೋಗುವಾಗ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿ ಬಸ್ ಟರ್ಮಿನಲ್‌ನಲ್ಲಿ ಇಳಿದು ಬಿಡದಿ ಕಡೆಯ ಸಾಮಾನ್ಯ ಬಸ್ಸು ಹಿಡಿದೆವು. ಶಕ್ತಿ ಯೋಜನೆಯಲ್ಲಿ ನಾವು ಐದು ಜನ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಆಧಾರ್ ಜೊತೆಗಿರಬೇಕು ಅಷ್ಟೆ. ಎ.ಸಿ. ಬಸ್ಸಿಗೆ ಈ ಸೌಲಭ್ಯವಿಲ್ಲ. ವಾಪಸು ಬರುವಾಗ ಮಾತ್ರ ಮೊದಲೇ ಹೇಳಿಟ್ಟ ಟೆಂಪೊ ಟ್ರಾವೆಲರ್. ಪಾರ್ಕ್ ಮುಚ್ಚುವ ಹೊತ್ತಿಗೆ ಸಾವಿರಾರು ಜನ ಒಟ್ಟಿಗೇ ಹೊರಬೀಳುತ್ತಾರೆ, ಆಗ ಆಟೊ, ಟ್ಯಾಕ್ಸಿ ಹುಡುಕಿದರೆ ಕೇಳಿದಷ್ಟು ಕೊಡಬೇಕು. ಹೋಗುವಾಗ ಉಳಿಸಿ, ಬರುವಾಗ ಖರ್ಚು ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇಷ್ಟೆಲ್ಲ ಲೆಕ್ಕದ ನಡುವೆ ಅತ್ತೆ ಹೇಳಿದರು: ‘ನನಗ್ಯಾಕಮ್ಮ ಟಿಕೆಟ್ಟು? ಆಡೋಳೂ ಅಲ್ಲ, ನೀರಿಗಿಳಿಯೋಳೂ ಅಲ್ಲ. ಮನೇಲಿರ್ತೀನಿ, ಆ ದುಡ್ಡಲ್ಲಿ ಮಕ್ಕಳಿಗೆ ಏನಾದ್ರೂ ಕೊಡ್ಸು.’ ಬರೀ ಅಂಕಿ ನೋಡಿದರೆ ಅವರ ಮಾತು ಸರಿ, ಆಡದವರಿಗೂ ಪ್ರವೇಶದ ಟಿಕೆಟ್ ಬೇಕೇ ಬೇಕು. ನಾನು ಒಪ್ಪಲಿಲ್ಲ. ಉಳಿತಾಯವೆಂದರೆ ಮನೆಯ ಹಿರಿಯರನ್ನು ಬಿಟ್ಟು ಹೋಗುವುದು ಎಂದಾದರೆ ಆ ಉಳಿತಾಯ ನನಗೆ ಬೇಡ. ಅತ್ತೆ ಬಂದರು. ಅಲೆಗಳ ಕೊಳದ ಅಂಚಿನಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತರು. ಪ್ರತಿ ಅಲೆಗೂ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಎರಡು ಹೆಜ್ಜೆ ಮುಂದೆ ಹೋಗಿ ಮೊಮ್ಮಕ್ಕಳ ಹೆಸರು ಕೂಗುತ್ತಿದ್ದರು. ನನ್ನ ಲೆಕ್ಕದಲ್ಲಿ ಅಂದು ಕೊಟ್ಟ ದುಡ್ಡಿಗೆ ಪೂರ್ತಿ ಬೆಲೆ ಸಿಕ್ಕಿದ್ದು ಆ ಟಿಕೆಟ್ಟಿನಿಂದ.

ಹಣ ಹೊಂದಿಸುವ ಮಾತಿಗೆ ಬಂದರೆ, ಇಂಥ ಖರ್ಚನ್ನು ಕ್ರೆಡಿಟ್ ಕಾರ್ಡಿನ ಕಂತಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಒಂದು ದಿನದ ಸಂತೋಷಕ್ಕೆ ಆರು ತಿಂಗಳು ಬಡ್ಡಿ ಕಟ್ಟುವುದೇಕೆ? ಬ್ಯಾಂಕಿನಲ್ಲಿ ಒಂದು ವರ್ಷದ ಆರ್.ಡಿ. ತೆರೆದು ತಿಂಗಳಿಗೆ 1,700 ರೂಪಾಯಿ ಹಾಕಿದರೆ ವರ್ಷಕ್ಕೆ 20,400 ಆಗುತ್ತದೆ. ಬಡ್ಡಿ ಶೇಕಡಾ 6.5 ಸಿಕ್ಕರೆ ಅದರ ಮೇಲೆ ಏಳುನೂರು ರೂಪಾಯಿ ಆಸುಪಾಸು. ನಾವು ಎರಡು ಮನೆಯವರೂ ಅರ್ಧರ್ಧ ಹಂಚಿಕೊಂಡಿದ್ದರಿಂದ ತಿಂಗಳಿಗೆ 850 ಯಾರಿಗೂ ಭಾರವಾಗಲಿಲ್ಲ. ಸಂಬಳ ಬಂದ ಮಾರನೇ ದಿನವೇ ಕಡಿತವಾಗುವಂತೆ ಬ್ಯಾಂಕಿಗೆ ಹೇಳಿಡಿ, ಇಲ್ಲವಾದರೆ ಎರಡನೇ ತಿಂಗಳಿಗೇ ತಪ್ಪಿಹೋಗುತ್ತದೆ.

ಮುಂದಿನ ಬೇಸಿಗೆಗೆ ಹೋಗುವ ಮನಸ್ಸಿದ್ದರೆ ಈ ತಿಂಗಳೇ ಆರ್.ಡಿ. ಶುರು ಮಾಡಿ. ಟಿಕೆಟ್ ಬುಕ್ ಮಾಡುವ ಮುಂಚೆ, ದಿನ ಬದಲಿಸಬಹುದೇ, ಮಳೆ ಬಂದು ಆಟ ನಿಂತರೆ ಹಣ ವಾಪಸು ಬರುತ್ತದೆಯೇ ಎಂಬ ಷರತ್ತನ್ನು ಓದಿಕೊಳ್ಳಿ. ಹಿರಿಯರು ಬೇಡವೆಂದರೂ ಅವರ ಟಿಕೆಟ್ ತೆಗೆಯುವುದನ್ನು ಬಿಡಬೇಡಿ.